ಗೊತ್ತಿದ್ದೂ ಕೇಳುವುದು

ಆ ನವೆಂಬರಿನಲ್ಲಿ ನನ್ನ ಗಂಟಲು ಕೈಕೊಟ್ಟಿತ್ತು. ಬೆಳಗಿನ ಪ್ರಾರ್ಥನೆಗೆ ಸ್ವರ ಇರುತ್ತಿತ್ತು, ಬಿಸಿಯೂಟದ ಹೊತ್ತಿಗೆ ಮುಗಿದುಹೋಗುತ್ತಿತ್ತು. ನಾನು ಮಕ್ಕಳಿಗೆ ಗಟ್ಟಿಯಾಗಿ ಕತೆ ಓದಬೇಕಾದ ಅವಧಿ ಇದ್ದದ್ದು ಬಿಸಿಯೂಟದ ನಂತರ. ವೇಳಾಪಟ್ಟಿ ಮಾಡಿದವರಿಗೆ ನನ್ನ ಮೇಲೆ ದ್ವೇಷವಿತ್ತು ಎನ್ನುವ ಹಾಗೂ ಇಲ್ಲ, ಅದನ್ನು ಮಾಡಿದ್ದು ನಾನೇ.

ಶಾಲೆ ಕೋಡಿಂಬಾಳದಿಂದ ಒಳಗೆ. ನನ್ನ ಮನೆ ಪುತ್ತೂರಿನಲ್ಲಿ. ಬೆಳಗ್ಗೆ ಕಡಬದ ಬಸ್ಸು, ಅಲ್ಲಿಂದ ರಿಕ್ಷಾ, ಕೊನೆಗೆ ರಬ್ಬರ್ ಮರಗಳ ನಡುವೆ ಹತ್ತು ನಿಮಿಷದ ಏರು. ನಾಲ್ಕು ಮತ್ತು ಐದನೇ ತರಗತಿ ಒಟ್ಟಿಗೆ ನನ್ನ ಪಾಲಿಗೆ, ಹತ್ತೊಂಬತ್ತು ಮಕ್ಕಳು. ಮನೆಯಲ್ಲಿ ಕೆಲವರದ್ದು ತುಳು, ಕೆಲವರದ್ದು ಅರೆಭಾಷೆ, ಕೆಲವರದ್ದು ಬ್ಯಾರಿ. ಶಾಲೆಯಲ್ಲಿ ಎಲ್ಲರದ್ದೂ ಕನ್ನಡ. ಅದರಿಂದ ತೊಂದರೆಯೇನೂ ಇರಲಿಲ್ಲ. ಮೂರು ಭಾಷೆಯಲ್ಲಿ ಜಗಳ ಮಾಡಬಲ್ಲ ಮಕ್ಕಳಿಗೆ ನಾಲ್ಕನೆಯದು ಭಾರವಲ್ಲ.

ದಸರಾ ರಜೆ ಮುಗಿದ ಕೂಡಲೇ ನಮ್ಮನ್ನು ಒಂದು ದಿನದ ತರಬೇತಿಗೆ ಕರೆದಿದ್ದರು. ಕತೆ ಓದಿ ಹೇಳುವಾಗ ಮಕ್ಕಳನ್ನು ಯೋಚನೆಗೆ ಹಚ್ಚುವ ಪ್ರಶ್ನೆ ಕೇಳುವುದು ಹೇಗೆ ಎಂಬುದು ವಿಷಯ. ಕ್ರಮ ಸ್ಪಷ್ಟವಾಗಿತ್ತು. ಪುಸ್ತಕವನ್ನು ಮೊದಲು ನಾವು ಮೂರು ಸಲ ಓದಿಕೊಳ್ಳಬೇಕು. ಎಲ್ಲಿ ನಿಲ್ಲಿಸಬೇಕೋ ಆ ಪುಟಕ್ಕೆ ಅಂಟುವ ಹಳದಿ ಚೀಟಿ ಹಚ್ಚಬೇಕು. ಚೀಟಿಯಲ್ಲಿ ಪ್ರಶ್ನೆ, ಅದರ ಕೆಳಗೆ ನಿರೀಕ್ಷಿತ ಉತ್ತರ. ಓದು ಮುಗಿದ ಮೇಲೆ ಒಂದು ನಮೂನೆಯಲ್ಲಿ ಮಕ್ಕಳ ಹೆಸರಿನ ಎದುರು ಸ್ಪಂದಿಸಿದವರಿಗೆ ಸರಿ ಗುರುತು, ಸ್ಪಂದಿಸದವರಿಗೆ ಅಡ್ಡಗೆರೆ. ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಕೋಲೇ ಬಸವ ಎಂದು ಮನೆಯಲ್ಲಿ ಹಾಸ್ಯ ಮಾಡುತ್ತಾರೆ. ಚೀಟಿಯ ಕಟ್ಟನ್ನು ಸ್ವಂತ ದುಡ್ಡಿನಲ್ಲೇ ತಂದೆ.

ಮೊದಲ ಪುಸ್ತಕ ಒಂದು ಅಜ್ಜಿ ಮತ್ತು ಆಡಿನ ಕತೆ. ಅಜ್ಜಿ ತನ್ನ ಆಡನ್ನು ಕರೆದುಕೊಂಡು ತಂಗಿಯ ಮನೆಗೆ ಹೊರಡುತ್ತಾಳೆ. ದಾರಿಯಲ್ಲಿ ನೀರು ಹರಿಯುವ ಒಂದು ತೋಡು, ದಾಟಲು ಮರದ ದಿಮ್ಮಿಯ ಸಂಕ. ಆಡು ಸಂಕದ ಮೇಲೆ ಕಾಲಿಡುವುದೇ ಇಲ್ಲ. ಅಜ್ಜಿ ಹಲಸಿನ ಎಲೆ ತೋರಿಸುತ್ತಾಳೆ, ಹಗ್ಗ ಎಳೆಯುತ್ತಾಳೆ, ಹಿಂದಿನಿಂದ ದೂಡುತ್ತಾಳೆ. ಕೊನೆಗೆ ಆಡು ಹಗ್ಗ ಬಿಡಿಸಿಕೊಂಡು ಬಂದ ದಾರಿಯಲ್ಲೇ ಓಡಿಹೋಗುತ್ತದೆ. ನನ್ನ ಹಳದಿ ಚೀಟಿಯಲ್ಲಿ ಇದ್ದದ್ದು: ಆಡು ಯಾಕೆ ಸಂಕ ದಾಟಲಿಲ್ಲ? ನಿರೀಕ್ಷಿತ ಉತ್ತರ: ನೀರು ಕಂಡು ಹೆದರಿತು.

ತರಗತಿ ಮಾತ್ರ ತರಬೇತಿಯಲ್ಲಿ ಹೇಳಿದ ಹಾಗೆ ನಡೆಯಲಿಲ್ಲ. ನಮ್ಮಲ್ಲಿ ಟೀಚರುಗಳಿಗೆಲ್ಲ ಒಂದು ಅಭ್ಯಾಸ ಉಂಟು. ವಾಕ್ಯದ ಬಾಲವನ್ನು ಮಕ್ಕಳಿಗೆ ಬಿಟ್ಟುಕೊಡುತ್ತೇವೆ. "ಅಜ್ಜಿ ತಂಗಿ ಮನೆಗೆ ಹೊರ...?" ಎಂದು ಸ್ವರ ಎಳೆದರೆ "ಟಳು!" ಎಂದು ಹದಿನೆಂಟು ಗಂಟಲು ಒಟ್ಟಿಗೆ ಕೂಗುತ್ತವೆ. "ಆಡಿಗೆ ಹೆದರಿಕೆ ಆ...?" "ಯ್ತು!" ಕಿವಿಗೆ ಇಂಪಾಗಿರುತ್ತದೆ, ಎಲ್ಲರಿಗೂ ಅರ್ಥವಾಗಿದೆ ಎಂಬ ಸಮಾಧಾನವೂ ಆಗುತ್ತದೆ. ನನ್ನ ಗಂಟಲಿಗೂ ಅದರಿಂದ ಉಪಕಾರವೇ, ಅರ್ಧ ಕತೆಯನ್ನು ಅವರೇ ಓದಿದ ಹಾಗೆ. ಎಷ್ಟು ವರ್ಷ ಹೀಗೆ ಮಾಡಿದ್ದೇನೋ ಲೆಕ್ಕವಿಲ್ಲ.

ಹದಿನೆಂಟು ಎಂದೆ, ಯಾಕೆಂದರೆ ಹತ್ತೊಂಬತ್ತನೆಯವಳು ಬಾಯಿ ಬಿಡುತ್ತಿರಲಿಲ್ಲ. ಕಿಟಕಿಯ ಬದಿ ಕೂರುವ ನಾಲ್ಕನೇ ತರಗತಿಯ ಹುಡುಗಿ. ತಂದೆ ಗಲ್ಫಿನಲ್ಲಿ, ಮನೆಯಲ್ಲಿ ತಾಯಿ ಮತ್ತು ತಂದೆಯ ತಾಯಿ. ಅಕ್ಷರ ಬರೆಯುತ್ತಿದ್ದಳು, ಲೆಕ್ಕ ಮಾಡುತ್ತಿದ್ದಳು. ಆದರೆ ಬಾಯಿಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಿದ್ದಳು, ತಲೆ ತಗ್ಗಿಸುತ್ತಿದ್ದಳು, ಕೂತುಕೋ ಎನ್ನುವವರೆಗೆ ಹಾಗೆಯೇ ಇರುತ್ತಿದ್ದಳು. ಆರು ವಾರ, ಹನ್ನೊಂದು ಪುಸ್ತಕ, ಅವಳ ಹೆಸರಿನ ಎದುರು ಹನ್ನೊಂದು ಅಡ್ಡಗೆರೆ.

ನವೆಂಬರ್ ಕೊನೆಗೆ ಮೇಲಿನ ಕಚೇರಿಯಿಂದ ಪಟ್ಟಿ ಕೇಳಿದರು. ಕಲಿಕೆಯಲ್ಲಿ ತೊಂದರೆ ಇರುವ, ವಿಶೇಷ ತಪಾಸಣೆಗೆ ಕಳುಹಿಸಬೇಕಾದ ಮಕ್ಕಳ ಪಟ್ಟಿ. ಅವತ್ತು ನನಗೆ ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮತದಾರರ ಪಟ್ಟಿಯ ಮನೆಭೇಟಿ ಎಲ್ಲ ಬಾಕಿ ಇತ್ತು. ನಮೂನೆ ತೆಗೆದು ನೋಡಿದೆ. ಹನ್ನೊಂದು ಗೆರೆ. ಹೆಚ್ಚು ಯೋಚಿಸಲಿಲ್ಲ. ಅವಳ ಹೆಸರು ಬರೆದು, ಷರಾದಲ್ಲಿ "ಪ್ರಶ್ನೆಗಳಿಗೆ ಸ್ಪಂದಿಸುವುದಿಲ್ಲ, ಗ್ರಹಿಕೆ ಕಡಿಮೆ" ಎಂದು ಸೇರಿಸಿ ಹೆಡ್ ಮಾಸ್ಟ್ರ ಮೇಜಿನ ಮೇಲಿಟ್ಟೆ. ಎರಡು ನಿಮಿಷದ ಕೆಲಸ. ಅವರು ಅದೇ ಸಂಜೆ ಕಂಪ್ಯೂಟರಿನಲ್ಲಿ ಏರಿಸಿದರು.

ತಪಾಸಣೆಯ ಶಿಬಿರ ಪುತ್ತೂರಿನಲ್ಲಿ, ಹತ್ತು ದಿನದ ನಂತರ. ಪೋಷಕರ ಒಪ್ಪಿಗೆಯ ಸಹಿ ಬೇಕು. ಮರುದಿನ ಶಾಲೆ ಬಿಟ್ಟ ಮೇಲೆ ಕಾಗದ ಹಿಡಿದುಕೊಂಡು ಅವಳ ಮನೆಗೆ ಹೋದೆ.

ತಾಯಿ ನನಗಿಂತ ತುಂಬಾ ಚಿಕ್ಕವಳು. ನಿಂಬೆ ಶರಬತ್ತು ಮಾಡಿಕೊಟ್ಟಳು, ಕಾಗದ ಓದಿದಳು, ಮತ್ತೊಮ್ಮೆ ಓದಿದಳು. ಮುಖ ಬಾಡಿತು.

"ಗ್ರಹಿಕೆ ಕಡಿಮೆ ಅಂದ್ರೆ ಎಂತ ಟೀಚರೇ? ಬುದ್ಧಿ ಇಲ್ಲ ಅಂತವಾ?"

"ಹಾಗಲ್ಲಮ್ಮ. ಕತೆ ಓದಿ ಪ್ರಶ್ನೆ ಕೇಳಿದ್ರೆ ಅವಳು ಉತ್ತರ ಕೊಡುದಿಲ್ಲ. ಅರ್ಥ ಆಗ್ತದಾ ಇಲ್ವಾ ಅಂತ ನೋಡ್ಲಿಕ್ಕೆ ಅಷ್ಟೇ."

"ಕತೆಯಾ? ಯಾವ ಕತೆ? ಆ ಆಡಿನದ್ದಾ?"

ನನಗೆ ಆಶ್ಚರ್ಯವಾಯಿತು. ಅವಳು ಮೊಬೈಲ್ ತೆಗೆದಳು. "ಇವಳು ದಿನಾ ಸಂಜೆ ಅವಳ ಉಪ್ಪನಿಗೆ ವಾಯ್ಸ್ ಕಳಿಸುದು. ಶಾಲೆಯಲ್ಲಿ ಎಂತ ಆಯ್ತು ಅಂತ ಅವರು ಕೇಳ್ತಾರೆ. ನೀವೇ ಕೇಳಿ ನೋಡಿ" ಎಂದು ಹಿಂದೆ ಹಿಂದೆ ಸರಿಸಿ ಒಂದನ್ನು ಒತ್ತಿದಳು.

ಬ್ಯಾರಿ ಮಾತು ನನಗೆ ಅರ್ಧಕ್ಕರ್ಧ ತಿಳಿಯುತ್ತದೆ, ಉಳಿದದ್ದನ್ನು ತಾಯಿ ಹೇಳಿದಳು. ಅದು ನನ್ನ ತರಗತಿಯಲ್ಲಿ ಒಂದು ಸಲವೂ ಕೇಳದ ಸ್ವರ. ಅಜ್ಜಿ ಬಂದಳು, ಆಡು ಬಂತು, ಹಲಸಿನ ಎಲೆ ಬಂತು. ನಡುನಡುವೆ ನಾನೂ ಬಂದೆ. ನನ್ನ ಕೆಮ್ಮು, ಗಂಟಲು ಸರಿಮಾಡಿಕೊಳ್ಳುವ ರೀತಿ, ಸ್ವರ ಎಳೆಯುವುದು, "ಆ...?" "ಯ್ತು!" ಎಲ್ಲ ಯಥಾವತ್ತು. ನನಗೆ ನಗು ಬಂತು, ನಾಚಿಕೆಯೂ ಆಯಿತು. ಕೊನೆಗೆ ಅವಳು ತಂದೆಗೆ ಹೇಳುತ್ತಾಳೆ: ಆಡು ಹೆದರಿದ್ದು ಎಂದು ಎಲ್ಲರೂ ಹೇಳಿದರು. ಹೆದರಿದ್ದಲ್ಲ ಉಪ್ಪ. ಅದಕ್ಕೆ ಒಂದು ಮರಿ ಉಂಟು. ಮೊದಲಿನ ಚಿತ್ರದಲ್ಲಿ ಎರಡು ಉಂಟು, ಸಂಕದ ಹತ್ತಿರ ಒಂದೇ ಇರುವುದು. ಮರಿ ಹಿಂದೆ ಪೊದೆಯಲ್ಲಿ ಉಳಿದಿದೆ, ಕಿವಿ ಮಾತ್ರ ಕಾಣುತ್ತದೆ. ಅದಕ್ಕೇ ಅದು ತಿರುಗಿ ಓಡಿದ್ದು.

ತಾಯಿ ಅದರ ಕೆಳಗಿನದ್ದನ್ನು ಒತ್ತಿದಳು. ತಂದೆಯ ಸ್ವರ, ಹಿಂದೆ ಎಲ್ಲೋ ಗಾಡಿಗಳ ಶಬ್ದ: ಹಾಗಾದರೆ ನೀನು ಟೀಚರಿಗೆ ಹೇಳಲಿಲ್ಲವಾ?

ಮತ್ತೆ ಹುಡುಗಿಯದ್ದು: ಟೀಚರಿಗೆ ಗೊತ್ತುಂಟು, ಹಳದಿ ಚೀಟಿಯಲ್ಲಿ ಬರೆದುಕೊಂಡಿದ್ದಾರೆ. ಗೊತ್ತಿದ್ದೂ ಕೇಳುವುದು, ಯಾರು ತಪ್ಪು ಹೇಳುತ್ತಾರೆ ಅಂತ ಹಿಡಿಯಲಿಕ್ಕೆ.

ಅಲ್ಲಿಗೆ ವಾಯ್ಸ್ ಮುಗಿಯಿತು. ಬಾಗಿಲ ಬಳಿ ಹುಡುಗಿ ನಿಂತಿದ್ದಳು, ಗುಟ್ಟು ರಟ್ಟಾದ ಮುಖ ಮಾಡಿಕೊಂಡು.

"ನಾನು ಹಿಡೀಲಿಕ್ಕೆ ಅಂತ ಕೇಳುದಲ್ಲಮ್ಮ" ಎಂದೆ ತಾಯಿಗೆ.

ಅವಳು ಹೇಳಿದಳು: "ಮನೆಯಲ್ಲಿ ಹಾಗೇ ಅಲ್ವಾ ಟೀಚರೇ. ಹಾಲು ಚೆಲ್ಲಿದ್ದು ಯಾರು ಅಂತ ನಾನು ಕೇಳುದು ಯಾವಾಗ? ಚೆಲ್ಲಿದವರು ಯಾರು ಅಂತ ಗೊತ್ತಾದ ಮೇಲೆ. ಗೊತ್ತಿಲ್ಲದ್ದನ್ನು ಕೇಳಿದ್ರೆ ಅದು ಕೇಳುದು. ಗೊತ್ತಿದ್ದೂ ಕೇಳಿದ್ರೆ ಅದು ಬಯ್ಯುದು."

ಅವಳು ಸಹಿ ಹಾಕಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಮರುದಿನ ಬೆಳಗ್ಗೆ ಬೀರು ತೆಗೆದು ಆಡಿನ ಪುಸ್ತಕ ನೋಡಿದೆ. ಮೊದಲ ಚಿತ್ರದಲ್ಲಿ ಅಜ್ಜಿಯ ಸೀರೆಯ ಹತ್ತಿರ ಮರಿ ಇತ್ತು. ಸಂಕದ ಚಿತ್ರದಲ್ಲಿ ಮೂಲೆಯ ಪೊದೆಯಿಂದ ಒಂದು ಕಿವಿ. ಮೂರು ಸಲ ಓದಿಕೊಂಡವಳು ನಾನು. ನನ್ನ ಹಳದಿ ಚೀಟಿ ಅಂಟಿದ್ದದ್ದು ಸರಿಯಾಗಿ ಆ ಪೊದೆಯ ಮೇಲೆಯೇ, ಪುಟ ಎತ್ತಿ ಮಕ್ಕಳಿಗೆ ತೋರಿಸುವಾಗ ಮಾತ್ರ ಅದನ್ನು ತೆಗೆದು ಕೈಯಲ್ಲಿಟ್ಟುಕೊಳ್ಳುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕೇಳಲು ಬಾರದವಳು ನಾನು, ಡೊಂಕು ಎಂದು ಬರೆದದ್ದು ಮಗುವನ್ನು.

ಹೆಡ್ ಮಾಸ್ಟ್ರ ಹತ್ತಿರ ಹೋಗಿ ಹೆಸರು ತೆಗೆಯಬೇಕು ಎಂದೆ. ಅವರು ನಿವೃತ್ತಿಗೆ ಎರಡು ವರ್ಷ ಇರುವವರು, ನನಗಿಂತ ಸುಸ್ತಾದವರು. ಫೋನ್ ಹಚ್ಚಿದರು, ಹೂಂ ಹೂಂ ಎಂದರು, ಇಟ್ಟರು.

"ಆಗುದಿಲ್ಲ ಅಂತೆ ಟೀಚರ್. ಏರಿಸಿ ಆದ ಮೇಲೆ ನಾವು ಮುಟ್ಲಿಕ್ಕೆ ಇಲ್ಲ. ಶಿಬಿರದವರ ವರದಿಯಲ್ಲಿ ಮಗು ಸರಿ ಉಂಟು ಅಂತ ಬಂದ್ರೆ ಮಾತ್ರ ಹೆಸರು ಹೋಗುದು."

"ಅಲ್ಲಿಯೂ ಅವಳು ಮಾತಾಡದಿದ್ರೆ?"

"ಮಾತಾಡದಿದ್ರೆ ಹೆಸರು ಗಟ್ಟಿ ಆಯ್ತು. ಬೇರೆ ಪುಸ್ತಕ, ಬೇರೆ ಪ್ರಶ್ನೆಪತ್ರಿಕೆ. ಹೈಸ್ಕೂಲಿನವರೆಗೂ ಅದೇ ದಾಖಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕ್ಲಿಕ್ಕೆ ಬಂದ್ರಲ್ಲ ಮಾರಾಯ್ರೆ."

ಉಳಿದದ್ದು ಎಂಟು ದಿನ. ಶಿಬಿರದಲ್ಲಿ ಏನು ಮಾಡುತ್ತಾರೆ ಎಂದು ನನಗೆ ಗೊತ್ತು. ಚಿತ್ರದ ಕಾರ್ಡು ಎತ್ತಿ ತೋರಿಸಿ, ಇದೇನು, ಅದೇನು ಎಂದು ಕೇಳುತ್ತಾರೆ. ಕೇಳುವವರಿಗೆ ಉತ್ತರ ಗೊತ್ತಿರುತ್ತದೆ. ಅಂದರೆ ಈ ಮಗುವಿನ ಲೆಕ್ಕದಲ್ಲಿ ಸಾಲಾಗಿ ಬೈಗುಳ.

ಮೊದಲು ನೇರ ಅಭ್ಯಾಸ ಮಾಡಿಸಲು ಹೊರಟೆ. ಬಿಡುವಿನ ಹೊತ್ತಿನಲ್ಲಿ ಅವಳನ್ನು ಕರೆದು ಕೈಯಲ್ಲಿದ್ದ ಪೆನ್ನು ತೋರಿಸಿ "ಇದು ಎಂತ?" ಎಂದೆ. ಅವಳು ಪೆನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ತಲೆ ತಗ್ಗಿಸಿದಳು. ಪೆನ್ನಿಗೆ ತಾನು ಏನು ಮಾಡಿದೆನೋ ಎಂದು ಯೋಚಿಸುತ್ತಿದ್ದಳೋ ಏನೋ. ಛತ್ರಿ ತೋರಿಸಿದೆ, ಕಣ್ಣು ತುಂಬಿತು. ಅಲ್ಲಿಗೆ ನಿಲ್ಲಿಸಿದೆ.

ಆಮೇಲೆ ಚೀಟಿಗಳಿಂದ ಉತ್ತರ ಅಳಿಸಿದೆ, ಬರೀ ಪ್ರಶ್ನೆ ಇಟ್ಟೆ. "ನಿಮಗೆ ಎಂತ ಅನ್ನಿಸ್ತದೆ?" ಎಂದು ಕೇಳತೊಡಗಿದೆ. ಹದಿನೆಂಟು ಮಕ್ಕಳು ಪುಸ್ತಕ ಬಿಟ್ಟು ನನ್ನ ಮುಖ ನೋಡಿದರು. ಹೌದು ಎನ್ನಬೇಕೋ ಇಲ್ಲ ಎನ್ನಬೇಕೋ ಎಂದು ನನ್ನ ಹುಬ್ಬಿನಲ್ಲಿ ಹುಡುಕುತ್ತಿದ್ದರು. ಒಬ್ಬ "ಹೌದು ಟೀಚರ್" ಎಂದ, ನಾನು ಸುಮ್ಮನಿದ್ದದ್ದು ಕಂಡು ಕೂಡಲೇ "ಅಲ್ಲ ಟೀಚರ್" ಎಂದ. ಅವನನ್ನು ಹಾಗೆ ಮಾಡಿದ್ದೂ ನಾನೇ ಎಂದು ಗೊತ್ತಿದ್ದರೂ ಸಿಟ್ಟು ಬಂತು. ಗಂಟಲಿನಲ್ಲಿ ಮುಳ್ಳು ಸಿಕ್ಕಿದ ಹಾಗೆ ನೋವು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, ಒಂದು ಹೆಸರಿಗೆ ಇಷ್ಟೆಲ್ಲ ಯಾಕೆ, ಸಾಕು, ಎಂದು ಕೂಡ ಅಂದುಕೊಂಡೆ.

ಆದರೆ ಗಮನಿಸತೊಡಗಿದ ಮೇಲೆ ಒಂದು ವಿಷಯ ಕಂಡಿತು. ಬೆಳಗ್ಗೆ "ಇವತ್ತು ಮೊಟ್ಟೆ ಬೇಡ, ಬಾಳೆಹಣ್ಣು ಬೇಕು ಅನ್ನುವವರು ಎಷ್ಟು ಜನ?" ಎಂದು ನಾನು ಎಣಿಸಲಾರದೆ ಕೇಳಿದರೆ, ಕಿಟಕಿಯ ಬದಿಯವಳು ಎಣಿಸಿ ಅಷ್ಟು ಬೆರಳು ಎತ್ತಿ ತೋರಿಸುತ್ತಿದ್ದಳು. ಕನ್ನಡಕ ಎಲ್ಲಿಟ್ಟೆ ಎಂದು ತಡಕಾಡಿದರೆ ಅವಳೇ ಹಾಜರಿ ಪುಸ್ತಕದ ಅಡಿಯಿಂದ ತೆಗೆದುಕೊಡುತ್ತಿದ್ದಳು. ಇಡೀ ವರ್ಷ ಹಾಗೆ ಮಾಡಿದ್ದಳು. ನಮೂನೆಯಲ್ಲಿ ಅದಕ್ಕೆ ಅಂಕಣ ಇರಲಿಲ್ಲ, ಹಾಗಾಗಿ ನನಗೆ ಕಂಡಿರಲಿಲ್ಲ.

ಶಿಬಿರಕ್ಕೆ ಮೂರು ದಿನ ಇರುವಾಗ, ಪುಸ್ತಕದ ಪೆಟ್ಟಿಗೆಯ ತಳದಲ್ಲಿ ಗೆದ್ದಲು ತಿಂದ ಪುಸ್ತಕಗಳ ಒಂದು ಕಟ್ಟು ಇರುವುದು ನೆನಪಾಯಿತು. ರದ್ದು ಮಾಡಲು ಬೇರೆ ಇಟ್ಟಿದ್ದೆ. ಒಂದನ್ನು ಎತ್ತಿಕೊಂಡೆ. ನಾನು ಓದದ ಕತೆ, ಕೊನೆಯ ಐದಾರು ಹಾಳೆ ಇಲ್ಲವೇ ಇಲ್ಲ. ಪುಸ್ತಕವನ್ನು ಮೊದಲೇ ಓದಿಕೊಳ್ಳಬೇಕೆಂಬ ನಿಯಮ ಅವತ್ತು ಬೇಕೆಂದೇ ಮುರಿದೆ. ಚೀಟಿ ಹಚ್ಚಲಿಲ್ಲ.

ಕತೆ ಒಬ್ಬ ಟೈಲರನದ್ದು. ಒಬ್ಬ ಗಿರಾಕಿ ಬಂದು ಒಂದೇ ತೋಳಿನ ಅಂಗಿ ಹೊಲಿಯಲು ಹೇಳುತ್ತಾನೆ. ಟೈಲರ್ ಹೊಲಿದು ಕೊಡುತ್ತಾನೆ. ಮರುವಾರ ಅವನು ಬಂದು ಇನ್ನೊಂದು ಕೇಳುತ್ತಾನೆ, ಅದಕ್ಕೂ ಒಂದೇ ತೋಳು. ಟೈಲರ್ ಯಾಕೆ ಎಂದು ಕೇಳಲು ಬಾಯಿ ತೆರೆಯುತ್ತಾನೆ. ಅಲ್ಲಿಗೆ ಗೆದ್ದಲು. ನಾನು ನಿಲ್ಲಿಸಿದೆ. ನನಗೇ ಕುತೂಹಲ ತಡೆಯಲಾಗಲಿಲ್ಲ.

"ಅವನಿಗೆ ಒಂದೇ ತೋಳಿನ ಅಂಗಿ ಯಾಕಿರಬಹುದು ಮಕ್ಕಳೇ?"

"ಟೀಚರ್ ಹೇಳಿ, ಟೀಚರ್ ಹೇಳಿ" ಎಂದು ಗಲಾಟೆ.

"ನನಗೆ ಗೊತ್ತಿಲ್ಲ. ಪುಸ್ತಕದಲ್ಲಿ ಇಲ್ಲ."

"ಸುಮ್ಮನೆ ಹೇಳುದು!"

ಪುಸ್ತಕ ತಿರುಗಿಸಿ ತೂತು ತೋರಿಸಿದೆ. ತರಗತಿ ತಣ್ಣಗಾಯಿತು. ಸ್ವರ ಇದ್ದಿದ್ದರೆ ನಾನೇ ಏನಾದರೂ ತುಂಬಿಸುತ್ತಿದ್ದೆ. ಇರಲಿಲ್ಲ, ಸುಮ್ಮನೆ ಕೂತೆ. ಆಗ ಕಿಟಕಿಯ ಬದಿಯವಳು ಎದ್ದು ಬಂದಳು. ಯಾರೂ ಕರೆದಿರಲಿಲ್ಲ. ಪುಸ್ತಕ ನನ್ನ ಕೈಯಿಂದ ತೆಗೆದುಕೊಂಡು ಕೊನೆಯ ರಟ್ಟು ನೋಡಿದಳು, ತೂತಿನಲ್ಲಿ ಬೆರಳು ಹಾಕಿ ನೋಡಿದಳು, ನನ್ನ ಮೇಜಿನ ಮೇಲೆ ಎಲ್ಲಾದರೂ ಹಳದಿ ಚೀಟಿ ಉಂಟಾ ಎಂದು ನೋಡಿದಳು.

"ಟೀಚರಿಗೂ ಗೊತ್ತಿಲ್ವಾ?"

"ಇಲ್ಲ."

"ಅವನಿಗೆ ಎರಡು ಕೈ ಉಂಟಾ ಒಂದಾ ಅಂತ ಮೊದಲು ಎಲ್ಲಿಯಾದ್ರೂ ಬರೆದುಂಟಾ?"

ನನ್ನ ತರಗತಿಯಲ್ಲಿ ಅವಳ ಮೊದಲ ಮಾತು ಅದು, ಅದೂ ಪ್ರಶ್ನೆ. ನಾವು ಪುಟ ಪುಟ ಹಿಂದೆ ಹೋದೆವು. ಎಲ್ಲಿಯೂ ಬರೆದಿರಲಿಲ್ಲ. ಚಿತ್ರಗಳಲ್ಲಿ ಗಿರಾಕಿ ಪ್ರತಿ ಸಲವೂ ಬಾಗಿಲ ಮರೆಯಲ್ಲೇ ನಿಂತಿದ್ದ. ಒಬ್ಬ, ಅವನಿಗೆ ಕೈ ಇಲ್ಲ ಎಂದ. ಇನ್ನೊಬ್ಬಳು, ಕೈ ಇಲ್ಲದವರೂ ಎರಡು ತೋಳಿನ ಅಂಗಿಯೇ ಹಾಕುವುದು, ನನ್ನ ಮಾವ ಹಾಕುತ್ತಾರೆ ಎಂದಳು. ಜಗಳ ಮೂರು ಭಾಷೆಗೆ ಹರಡಿತು. ಮನೆಗೆ ಹೋಗುವ ಬೆಲ್ಲು ಯಾರಿಗೂ ಕೇಳಲಿಲ್ಲ. ಅವತ್ತಿನ ನಮೂನೆಯನ್ನು ನಾನು ಖಾಲಿ ಬಿಟ್ಟೆ, ಯಾರಿಗೆ ಗುರುತು ಹಾಕುವುದೆಂದು ತಿಳಿಯದೆ.

ಅದನ್ನೆಲ್ಲ ತಾಯಿಗೆ ಹೇಳಿದೆ. ಹೆಸರು ತೆಗೆಸಲು ಶಿಬಿರವೊಂದೇ ದಾರಿ ಎಂದೂ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ, ಅದನ್ನು ಹೇಳಲು ಗಂಟಲಿಗಿಂತ ಮನಸ್ಸಿಗೆ ಹೆಚ್ಚು ಕಷ್ಟವಾಯಿತು. "ನೀವು ಒಟ್ಟಿಗೆ ಬರ್ತೀರಾ ಹಾಗಾದ್ರೆ?" ಎಂದು ಕೇಳಿ ಸಹಿ ಹಾಕಿದಳು.

ಶಿಬಿರದ ದಿನ ಒಂದು ರಜೆ ಬರೆದುಕೊಟ್ಟು ಪುತ್ತೂರಿನ ಬಸ್ಸು ನಿಲ್ದಾಣದಲ್ಲಿ ಅವರನ್ನು ಕಾದೆ. ಶಿಬಿರದ ಹಾಲ್ ತುಂಬಾ ಮಕ್ಕಳು, ತಾಯಂದಿರು, ಪ್ಲಾಸ್ಟಿಕ್ ಕುರ್ಚಿಗಳು. ಹತ್ತು ಗಂಟೆಗೆ ಕೂತವರನ್ನು ಕರೆದದ್ದು ಒಂದೂವರೆಗೆ. ತಪಾಸಣೆ ಮಾಡುವವರು ಒಬ್ಬ ಯುವತಿ, ಬೆಳಗ್ಗಿನಿಂದ ಕುರ್ಚಿಯಿಂದ ಎದ್ದಿರಲಿಲ್ಲ. ಮೇಜಿನ ಮೇಲಿನ ಚಹಾಕ್ಕೆ ಕೆನೆ ಕಟ್ಟಿತ್ತು. ನಮ್ಮನ್ನು ಗೋಡೆಯ ಬದಿ ಕೂರಿಸಿ, ನಡುವೆ ಮಾತಾಡಬಾರದು ಎಂದು ಹೇಳಿದರು.

ಕಾರ್ಡು ಎತ್ತಿದರು. ದನದ ಚಿತ್ರ. "ಇದೇನು ಪುಟ್ಟಿ?"

ಹುಡುಗಿ ತಲೆ ತಗ್ಗಿಸಿದಳು.

ಛತ್ರಿ. ಬಸ್ಸು. ಬಾವಿ. ಪ್ರತಿ ಕಾರ್ಡಿಗೂ ಅವರು ಹತ್ತು ಎಣಿಸುವಷ್ಟು ಹೊತ್ತು ಕಾಯುತ್ತಿದ್ದರು, ಕಾಗದದಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಆ ಗೆರೆಯ ಶಬ್ದ ನನಗೆ ಪರಿಚಯ. ತಾಯಿ ನನ್ನ ಕೈ ಹಿಡಿದುಕೊಂಡಿದ್ದಳು. ಹಿಂದೆ ಮಂಡೆಕೋಲಿನ ಕಡೆಯ ಶಾಲೆಯಲ್ಲಿ ಇದ್ದಾಗ ನಾನು ಹೀಗೆಯೇ ಬರೆದುಕೊಟ್ಟ ಇನ್ನೊಂದು ಹೆಸರು ನೆನಪಾಯಿತು. ಅವನೂ ಮಾತಾಡುತ್ತಿರಲಿಲ್ಲ. ಅವನ ಮನೆಗೆ ನಾನು ಹೋಗಿರಲಿಲ್ಲ. ಅವನು ಈಗ ಎಲ್ಲಿದ್ದಾನೆ, ಎಂತ ಮಾಡುತ್ತಾನೆ, ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲೂ ಇಲ್ಲ.

ಆರನೇ ಕಾರ್ಡಿಗೆ ಎದ್ದು ನಿಂತೆ. ಅಷ್ಟು ವರ್ಷ ಹೇಳಿದ ಹಾಗೆ ಕೇಳಿದವಳು ನಾನು.

"ಮೇಡಂ, ಒಂದು ಉಪಕಾರ ಮಾಡಿ."

"ಟೀಚರ್, ನೀವು ಮಾತಾಡ್ಬಾರ್ದು ಅಂತ ಹೇಳಿದ್ದೇನಲ್ಲ."

"ಉತ್ತರ ಹೇಳಿಕೊಡುದಿಲ್ಲ. ಕಾರ್ಡನ್ನು ನೀವು ನೋಡ್ಬೇಡಿ, ಅಷ್ಟೇ. ಕಲಸಿ, ಅವಳ ಕೈಗೆ ಕೊಡಿ. ಯಾವುದು ಅಂತ ನಿಮಗೆ ಗೊತ್ತಾಗ್ಬಾರ್ದು. ಆಮೇಲೆ ಕೇಳಿ."

"ಅದು ಕ್ರಮ ಅಲ್ಲ."

"ಗೊತ್ತುಂಟು ಮೇಡಂ. ನಾನು ಕ್ರಮ ಪ್ರಕಾರ ಹನ್ನೊಂದು ಸಲ ಕೇಳಿಯೇ ಇವಳನ್ನು ಇಲ್ಲಿಗೆ ಕಳಿಸಿದ್ದು."

ಸ್ವರ ಅಷ್ಟಕ್ಕೇ ನಿಂತಿತು. ಆ ಯುವತಿ ನನ್ನನ್ನು ನೋಡಿದರು, ಗಡಿಯಾರ ನೋಡಿದರು. ಬಯ್ಯಲೂ ಅವರಲ್ಲಿ ತ್ರಾಣ ಇರಲಿಲ್ಲ ಎಂದು ಕಾಣುತ್ತದೆ. ಕಾರ್ಡುಗಳನ್ನು ಕಲಸಿ ಮಗುಚಿ ಹುಡುಗಿಯ ಮುಂದೆ ಇಟ್ಟು, "ಒಂದು ತೆಗಿ. ನನಗೆ ತೋರಿಸ್ಬೇಡ" ಎಂದರು.

ಹುಡುಗಿ ಒಂದನ್ನು ತೆಗೆದು ಎದೆಗೆ ಒತ್ತಿಕೊಂಡಳು. "ನಿಮಗೆ ಕಾಣ್ತದಾ?"

"ಇಲ್ಲ."

"ಟೀಚರಿಗೆ?"

"ನನಗೂ ಇಲ್ಲ" ಎಂದೆ ಗೋಡೆಯ ಬದಿಯಿಂದ.

ಅವಳು ಕಾರ್ಡನ್ನು ಸ್ವಲ್ಪವೇ ಬಗ್ಗಿಸಿ ನೋಡಿದಳು. "ನಾಲ್ಕು ಕಾಲು ಉಂಟು. ಕೊಂಬು ಉಂಟು. ಒಂದು ಕಿವಿ ಮಡಚಿದೆ. ಹುಲ್ಲು ತಿಂತಾ ಉಂಟು, ಆದ್ರೆ ಹುಲ್ಲು ಬಾಯಿಯ ಹತ್ತಿರ ಇಲ್ಲ, ಕಾಲಿನ ಹತ್ತಿರ ಉಂಟು. ಚಿತ್ರ ಬಿಡಿಸಿದವರು ಬಾಲಕ್ಕೆ ಬಣ್ಣ ಹಾಕ್ಲಿಕ್ಕೆ ಮರೆತಿದ್ದಾರೆ." ಆಮೇಲೆ ಅವಳೇ ಕೇಳಿದಳು: "ಎಂತ ಹೇಳಿ?"

ಯುವತಿ ಕೈ ಚಾಚಿ ಕಾರ್ಡು ತೆಗೆದುಕೊಂಡರು. ದನದ ಬಾಲ ಬರೀ ಬಿಳಿ. "ಎರಡು ವರ್ಷದಿಂದ ತೋರಿಸ್ತಾ ಇದ್ದೇನೆ ಇದನ್ನು" ಎಂದರು, ನಮ್ಮಲ್ಲಿ ಯಾರಿಗೂ ಅಲ್ಲ. ಆಮೇಲೆ ಅವರೇ ಕುರ್ಚಿ ಎಳೆದು ಹತ್ತಿರ ಕೂತರು. ಉಳಿದ ಕಾರ್ಡುಗಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಹೊರಗೆ ಸಾಲಿನಲ್ಲಿದ್ದವರು ಗೊಣಗಿದರು. ವರದಿಯಲ್ಲಿ "ಸಾಮಾನ್ಯ. ಹೆಚ್ಚಿನ ತಪಾಸಣೆ ಅಗತ್ಯವಿಲ್ಲ, ಹೆಸರು ತೆಗೆಯುವುದು" ಎಂದು ಬರೆದು ಮೊಹರು ಒತ್ತಿದರು. ತಾಯಿ ಅದನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ಒಳಜೇಬಿಗೆ ಹಾಕಿದಳು, ಜಿಪ್ಪು ಎಳೆದಳು, ಮತ್ತೆ ತೆಗೆದು ನೋಡಿ ಮತ್ತೆ ಹಾಕಿದಳು.

ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಜಾಸ್ತಿ ಸುಸ್ತು. ಹೊರಗೆ ಬಂದು ಕಟ್ಟೆಯ ಮೇಲೆ ಕೂತುಬಿಟ್ಟೆ. ತಾಯಿ ಬಾಟಲಿ ಕೊಟ್ಟಳು, ನೀರು ನುಂಗುವಾಗ ನಾನು ಮುಖ ಕಿವುಚಿದೆ.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. "ಟೀಚರ್, ನಿಮ್ಮ ಗಂಟಲಿಗೆ ಎಂತ ಆದದ್ದು?"

ಒಂದು ತಿಂಗಳಿನಿಂದ ಎಲ್ಲರೂ ನನಗೆ ಹೇಳುತ್ತಿದ್ದರು. ಬಿಸಿನೀರು ಕುಡಿಯಿರಿ, ಕರಿಮೆಣಸಿನ ಕಷಾಯ ಮಾಡಿ, ಕಡಿಮೆ ಮಾತಾಡಿ. ಏನಾಗಿದೆ ಎಂದು ಕೇಳಿದವರು ಯಾರೂ ಇರಲಿಲ್ಲ. ನಾನೂ ಯಾರ ಹತ್ತಿರವೂ ಕೇಳಿರಲಿಲ್ಲ, ಕೆಟ್ಟದ್ದು ಏನಾದರೂ ಹೇಳಿಯಾರು ಎಂಬ ಹೆದರಿಕೆಯಲ್ಲಿ.

"ಗೊತ್ತಿಲ್ಲ" ಎಂದೆ.

ಟೈಲರನ ಪುಸ್ತಕದ ತೂತು ನೋಡಿದ ಹಾಗೆಯೇ ಅವಳು ನನ್ನ ಮುಖ ನೋಡಿದಳು, ನಿಜವಾಗಿಯೂ ಗೊತ್ತಿಲ್ಲವೋ ಎಂದು. "ಗೊತ್ತಿಲ್ಲದಿದ್ರೆ ಕೇಳ್ಬೇಕಲ್ಲ ಟೀಚರ್."

ತಾಯಿ ರಸ್ತೆಯ ಆಚೆ ಬದಿಗೆ ಕೈ ತೋರಿಸಿದಳು. ಕಿವಿ, ಮೂಗು, ಗಂಟಲಿನ ಡಾಕ್ಟರರ ಬೋರ್ಡು. ನಾನು ದಿನಾ ಬಸ್ಸಿಗೆ ನಡೆಯುವ ದಾರಿ ಅದು. ನಿಮಗೆ ಊರಿನ ಬಸ್ಸು ತಪ್ಪುತ್ತದೆ, ನಾನು ಇನ್ನೊಂದು ದಿನ ಹೋಗುತ್ತೇನೆ ಎಂದೆ. ಇಬ್ಬರೂ ಕೇಳಲಿಲ್ಲ. ತಾಯಿಯೇ ಹೋಗಿ ಟೋಕನ್ ತಂದಳು, ಇಪ್ಪತ್ತಮೂರು. ಮೂವರೂ ಬೆಂಚಿನಲ್ಲಿ ಸಾಲಾಗಿ ಕೂತೆವು.

ನನ್ನ ನಂಬರು ಕರೆದಾಗ ಏಳಲು ಒಂದು ಕ್ಷಣ ಹಿಡಿಯಿತು. ಹುಡುಗಿ ನನ್ನ ಬ್ಯಾಗು ತಾನು ಹಿಡಿದುಕೊಂಡು ಮೆಲ್ಲಗೆ ಹೇಳಿದಳು.

"ಒಳಗೆ ಡಾಕ್ಟ್ರು ಕೇಳಿದ್ರೆ ಎಲ್ಲ ಹೇಳಿ ಆಯ್ತಾ ಟೀಚರ್. ಅವರಿಗೆ ಗೊತ್ತಿರುದಿಲ್ಲ, ಅದಕ್ಕೇ ಕೇಳುದು."